ಪೆನ್ಸಿಲ್ ಗೆರೆ ಎಳೆದ ಪುಟ

ಕಳೆದ ವಾರ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನಡೆಯುತ್ತಿದ್ದಾಗ ಬೈಂಡಿಂಗ್ ಅಂಗಡಿಯೊಂದರಿಂದ ಮೈದಾ ಅಂಟಿನ ವಾಸನೆ ಬಂತು. ಬಂದ ಕೆಲಸ ಮರೆತು ಅಲ್ಲೇ ನಿಂತುಬಿಟ್ಟೆ. ಭದ್ರಾವತಿಯ ಲೈಬ್ರರಿ ಮೇಷ್ಟ್ರ ಕೋಣೆಯ ತುಂಬ ಇದೇ ವಾಸನೆ ಇರುತ್ತಿತ್ತು...

ಅವರು ಮೇಷ್ಟ್ರೇನೂ ಆಗಿರಲಿಲ್ಲ. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ನ್ಯೂ ಟೌನಿನ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಕೂತು ಪುಸ್ತಕಗಳನ್ನು ಓದಲು ಕೊಡುತ್ತಿದ್ದರು. ಜನ ಹಾಗೆ ಕರೆಯುತ್ತಿದ್ದರು, ಅಷ್ಟೇ. ನಾನು ಮದುವೆಯಾಗಿ ಆ ಊರಿಗೆ ಬಂದು ವರ್ಷವೂ ಆಗಿರಲಿಲ್ಲ. ನನಗೆ ಅಮ್ಮ ಇರಲಿಲ್ಲ. ಗಂಡನಿಗೆ ಪಾಳಿ ಕೆಲಸ. ಮನೆಗೆ ಬಂದರೆ ನಿದ್ದೆ. ಬಸುರಿಯಾಗಿ ಐದು ತಿಂಗಳಾದಾಗ ಹೊಟ್ಟೆಯೊಳಗೆ ಮೊದಲ ಸಲ ಏನೋ ಮಿಸುಕಿದಂತಾಯಿತು. ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಆ ಮಧ್ಯಾಹ್ನ ಅವರಲ್ಲಿಗೆ ಹೋಗಿ, ಬಸುರಿಯರು ಓದುವಂಥ ಪುಸ್ತಕವೇನಾದರೂ ಇದೆಯೇ ಎಂದು ತಲೆ ತಗ್ಗಿಸಿ ಕೇಳಿದೆ.

ಅವರೂ ತಲೆಯೆತ್ತದೆ, ಒಂದು ವಾರ ಬಿಟ್ಟು ಬನ್ನಿ ಎಂದರು. ಹೋದಾಗ ಮೇಜಿನ ಮೇಲೆ ನಾಲ್ಕು ಪುಸ್ತಕಗಳಿದ್ದವು. ನಾಲ್ಕನ್ನೂ ಓದಿ ಮುಗಿಸಿದ್ದರು. ಅರವತ್ತು ದಾಟಿದ ಒಂಟಿ ಗಂಡಸು, ಎಷ್ಟು ಸಂಕೋಚಪಟ್ಟು ಓದಿದರೋ... ಬೆಳ್ಳಗಿನ ಮಗು ಹುಟ್ಟಲು ಏನು ತಿನ್ನಬೇಕೆಂದು ಹೇಳುವುದನ್ನು ಪಕ್ಕಕ್ಕಿಟ್ಟರು. ಬರೀ ಹೆದರಿಸುವುದೊಂದನ್ನೂ, ಎಲ್ಲ ಸುಸೂತ್ರವಾಗಿಯೇ ಆಗುತ್ತದೆ ಎನ್ನುವುದೊಂದನ್ನೂ ಪಕ್ಕಕ್ಕಿಟ್ಟರು. ಉಳಿದದ್ದು ಹೆರಿಗೆ ಡಾಕ್ಟರೊಬ್ಬರು ಬರೆದ, ಚಿತ್ರಗಳಿಲ್ಲದ ತೆಳ್ಳನೆಯ ಪುಸ್ತಕ.

"ಯಾವಾಗ ಡಾಕ್ಟರ ಹತ್ರ ಓಡ್ಬೇಕು ಅಂತ ಬರೆದಿರೋದು ಇದೊಂದೇ ಕಣಮ್ಮ. ಪೆನ್ಸಿಲಲ್ಲಿ ಗೆರೆ ಹಾಕಿರೋ ಪುಟ ಎರಡು ಸಲ ಓದಿ," ಎಂದರು.

ಆಮೇಲೆ ವಾರಕ್ಕೊಮ್ಮೆ ಹೋಗತೊಡಗಿದೆ. ಅವರು ಹರಿದ ಪುಸ್ತಕಗಳಿಗೆ ಅಂಟು ಹಚ್ಚುತ್ತಿದ್ದರು, ನಾನು ಸ್ಟೂಲಿನ ಮೇಲೆ ಕೂತು ಓದುತ್ತಿದ್ದೆ. ಮಾತು ಹೆಚ್ಚಿರಲಿಲ್ಲ. ಆದರೂ ಆ ಒಂದು ಗಂಟೆ ನಾನೊಬ್ಬಳೇ ಅನ್ನಿಸುತ್ತಿರಲಿಲ್ಲ.

ಎಂಟನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ತಲೆನೋವು ಶುರುವಾಯಿತು. ಬಿಸಿಲಿಗಿರಬೇಕೆಂದು ಮಲಗಿದೆ. ಮಧ್ಯಾಹ್ನದ ಹೊತ್ತಿಗೆ ಕೈ ಊದಿ ಬಳೆ ಬಿಗಿಯಾಯಿತು. ಗೋಡೆಯ ಕ್ಯಾಲೆಂಡರಿನ ಅಂಕಿಗಳು ಮಸುಕಾದವು. ಗೆರೆ ಎಳೆದ ಆ ಸಾಲುಗಳು ಆಗ ನೆನಪಾದವು. ಬಿಡದ ತಲೆನೋವು, ಮುಖ ಕೈ ಊತ, ಮಂಜಾಗುವ ಕಣ್ಣು... ಕಾಯಬಾರದು ಎಂದಿತ್ತು. ಪಕ್ಕದ ಮನೆಯ ತಮಿಳು ಅಕ್ಕನನ್ನು ಜೊತೆಗೆ ಕರೆದುಕೊಂಡು ಆಟೋದಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಹೋದೆ. ಬಿಪಿ ವಿಪರೀತ ಏರಿತ್ತು. ಸಂಜೆಯೇ ಆಪರೇಷನ್ ಮಾಡಿ ಮಗಳನ್ನು ಹೊರತೆಗೆದರು. ಇನ್ನಷ್ಟು ತಡವಾಗಿದ್ದರೆ ಇಬ್ಬರೂ ಉಳಿಯುವುದು ಕಷ್ಟವಿತ್ತು ಎಂದರು ಡಾಕ್ಟರು.

ಮೂರು ವಾರದ ನಂತರ, ಮಗು ಇನ್ನೂ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಾಗ, ಪುಸ್ತಕ ಹಿಂದಿರುಗಿಸಲು ಹೋದೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ಬಹಳ ಹೊತ್ತು ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದರು.

"ನಮ್ಮನೆಯವಳಿಗೂ ಬಸುರಿಯಾಗಿದ್ದಾಗ ಹೀಗೇ ತಲೆನೋವು ಬಂದಿತ್ತು," ಎಂದರು. "ಮುಲಾಮು ಹಚ್ಚಿ, ಮಲಗ್ಕೋ ಅಂತ ಹೇಳಿ ನಾನು ಡ್ಯೂಟಿಗೆ ಹೋದೆ. ಗೊತ್ತಿರ್ಲಿಲ್ಲಮ್ಮ."

ನಾನು ತಂದಿದ್ದ ಪುಸ್ತಕವನ್ನು ತೆಗೆದುಕೊಂಡು ಮೇಜಿನ ಮೇಲಿಟ್ಟರು. ಹೊರಟಾಗ, ಮಗು ಸ್ವಲ್ಪ ಗಟ್ಟಿಯಾದ ಮೇಲೆ ಒಂದು ಸಲ ಕರೆತಂದು ತೋರಿಸಿ ಎಂದರು. ಖಂಡಿತ ಬರ್ತೀನಿ ಎಂದೆ.

ಹೋಗಲಿಲ್ಲ. ಡಾಕ್ಟರಿಗೆ ಹತ್ತಿರವಿರಲೆಂದು ಶಿವಮೊಗ್ಗದ ವಿನೋಬನಗರಕ್ಕೆ ಮನೆ ಬದಲಿಸಿದೆವು. ಮಗುವಿಗೆ ಮಾತೆತ್ತಿದರೆ ಕೆಮ್ಮು, ಜ್ವರ... ಮುಂದಿನ ವಾರ, ಮುಂದಿನ ತಿಂಗಳು ಎನ್ನುತ್ತ ಎರಡು ವರ್ಷ ಕಳೆಯಿತು. ಕೊನೆಗೆ ಮಗಳ ಕೈ ಹಿಡಿದುಕೊಂಡು ಹೋದಾಗ ಆ ಕೋಣೆಯಲ್ಲಿ ಮೊಬೈಲ್ ರಿಪೇರಿ ಅಂಗಡಿಯಿತ್ತು. ಮೇಷ್ಟ್ರು ತೀರಿಕೊಂಡು ಆರು ತಿಂಗಳಾಯಿತೆಂದೂ, ಪುಸ್ತಕಗಳೆಲ್ಲ ಗುಜರಿಗೆ ಹೋದವೆಂದೂ ಅಂಗಡಿಯವನು ಹೇಳಿದ.

ಮಗಳಿಗೆ ಈಗ ಹನ್ನೊಂದು. ಈ ಕತೆ ಅವಳಿಗೆ ಗೊತ್ತು. ಅವರು ನೋಡಲು ಹೇಗಿದ್ದರು ಎಂದು ಆಗಾಗ ಕೇಳುತ್ತಾಳೆ. ತೋರಿಸಲು ಒಂದು ಫೋಟೋ ಇಲ್ಲ. ಅವರ ಮುಖವೂ ನನಗೀಗ ಪೂರ್ತಿ ನೆನಪಿಗೆ ಬರುವುದಿಲ್ಲ... ಭದ್ರಾವತಿ ನಮ್ಮ ಮನೆಯಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯೂ ಅಲ್ಲ.