ಪವಿಯ ಸೊಂಟದ ಮೇಲಿನ ಬೆಳಕು

ಮಂಜುಳಾ, ಆ ಫೋಟೋವನ್ನು ಕಂಪ್ಯೂಟರ್ ತಿನ್ನಲಿಲ್ಲ. ನಾನು ಸುಟ್ಟೆ. ಬಚ್ಚಲ ಒಲೆಗೆ ಹಾಕಿ, ಪೂರ್ತಿ ಉರಿಯುವ ತನಕ ನಿಂತು ನೋಡಿ ಬಂದೆ.

ಇಷ್ಟು ವರ್ಷ ಒಂದೇ ಮನೆಯಲ್ಲಿ, ಒಂದೇ ಒಲೆಯ ಮುದ್ದೆ ತಿಂದುಕೊಂಡು ಅತ್ತೆ ಸೊಸೆ ಅಂತ ಇದ್ದೇವೆ. ಹೇಳಬೇಕು ಅಂತ ಎಷ್ಟೋ ಸಲ ಹೊರಟೆ — ಆಗಲಿಲ್ಲ. ಮೂರನೇ ಕ್ಲಾಸಿಗೆ ನನ್ನನ್ನು ಬಿಡಿಸಿದರು, ಅಕ್ಷರ ಕೂಡಿಸುವುದು ಕಷ್ಟ. ಆದರೂ ಬರೆದೇ ಹೇಳುತ್ತೇನೆ. ಬಾಯಲ್ಲಾದರೆ ಮತ್ತೆ ಸುಳ್ಳು ಸೇರಿಸಿಬಿಡುತ್ತೇನೆ.

ನಿನ್ನ ಪವಿ ನಾಲೆಗೆ ಬಿದ್ದು ತೀರಿಹೋದಾಗ ಅವಳಿಗೆ ನಾಲ್ಕು ತುಂಬಿರಲಿಲ್ಲ. ನೀನು ಅಲ್ಲೇ ರಗ್ಗು ಒಗೆಯುತ್ತಿದ್ದೆ. ಊರಿನವರು ಬಂದು ಅಳುವಾಗ, ಹೆತ್ತವಳು ಕಣ್ಣು ಎಲ್ಲಿಟ್ಟಿದ್ದಳು ಅಂತ ಎಲ್ಲರಿಗೂ ಕೇಳುವ ಹಾಗೆ ನಾನು ಅಂದೆ. ಆ ರಗ್ಗು ಯಾರದು? ನನ್ನದು. ಬಿಸಿಲಿದೆ, ಒಗೆದುಕೊಂಡು ಬಾ ಅಂದವಳು ನಾನು. ಮಗು ನಿಮ್ಮ ಹತ್ತಿರ ಇರಲಿ ಅತ್ತೆ ಅಂತ ನೀನು ಕೇಳಿದೆ. ನನಗೆ ಕೆಲಸವಿದೆ, ಕರೆದುಕೊಂಡೇ ಹೋಗು ಅಂದವಳೂ ನಾನೇ. ಏನು ಕೆಲಸ — ಯಾವ ಕೆಲಸವೂ ಇರಲಿಲ್ಲ. ನೀನು ಅದನ್ನು ಯಾರಿಗೂ ಹೇಳಲಿಲ್ಲ, ನನ್ನ ಮಗನಿಗೂ ಹೇಳಲಿಲ್ಲ. ಇವತ್ತು ಹೇಳುತ್ತಾಳೆ, ನಾಳೆ ಹೇಳುತ್ತಾಳೆ ಅಂತ ಕಾದು ಕಾದು ನನಗೆ ನಿನ್ನ ಮುಖ ಕಂಡರೇ ಆಗದಂತಾಯಿತು.

ಅವಳದು ಇದ್ದದ್ದು ಒಂದೇ ಫೋಟೋ. ತೊಣ್ಣೂರು ಕೆರೆಯ ಹತ್ತಿರ ಯಾರೋ ನೆಂಟರು ತೆಗೆದದ್ದು, ಅದರ ರೀಲು ಎಲ್ಲಿ ಹೋಯಿತೋ. ಪವಿ ಕಲ್ಲಿನ ಮೇಲೆ ನಿಂತಿದ್ದಾಳೆ. ಬೀಳದಿರಲಿ ಅಂತ ನೀನು ಪಕ್ಕದಲ್ಲಿ ನಿಂತು ಬಲಗೈಯಲ್ಲಿ ಅವಳ ಸೊಂಟ ಹಿಡಿದಿದ್ದೀಯ.

ಆ ವರ್ಷದ ಮಾರ್ಲಮಿಗೆ, ಹಿರಿಯರಿಗೆ ಎಡೆ ಇಡುವ ಜಾಗದಲ್ಲಿ ಮಗಳ ಫೋಟೋವನ್ನೂ ಇಡಬೇಕು ಅಂದ ನನ್ನ ಮಗ. ಬದುಕಿರುವವರ ಫೋಟೋಗೆ ಹಾರ ಹಾಕಬಾರದು, ನಾನು ಸರಿಮಾಡಿಸಿಕೊಂಡು ಬರುತ್ತೇನೆ ಅಂದೆ. ನನಗೆ ಅಷ್ಟು ನೆಪ ಸಾಕಾಗಿತ್ತು.

ಪಾಂಡವಪುರದ ಒಂದು ಸ್ಟುಡಿಯೋಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಸ್ಟುಡಿಯೋದವನು ಫೋಟೋವನ್ನು ಗಾಜಿನ ಮೇಲೆ ಮಗುಚಿ ಹಾಕಿ ಮುಚ್ಚಿದ. ಟಿ.ವಿ.ಯಂಥದ್ದರಲ್ಲಿ ಪವಿ ದೊಡ್ಡದಾಗಿ ಬಂದಳು. ನಿನ್ನನ್ನು ತೆಗೆದ, ಕೆರೆಯನ್ನು ತೆಗೆದು ಕಪ್ಪು ಬಳಿದ. ಸೊಂಟದ ಹತ್ತಿರ ಬಂದು ತಡೆದ.

“ಬೆರಳು ಉಳ್ಕಂತವೆ ಕಣವ್ವ. ಅಳಿಸುದ್ರೆ ಪ್ರಾಕು ತೂತು ಬಿದ್ದಂಗೆ ಕಾಣ್ತದೆ. ಸುತ್ತ ನಿಯಾನ್ ಲೈಟ್ ಕೊಟ್ಬುಡ್ತೀನಿ.”

“ಅದ್ಯಾವ್ದಪ್ಪ?”

“ಬ್ರಾಂದಿ ಅಂಗ್ಡಿ ಬೋರ್ಡು ಒಳೀತದಲ್ಲ, ಅಂಗೆ.”

“ಥೂ, ನನ್ ಮೊಮ್ಮಗೀಗೆ ಬ್ರಾಂದಿ ಅಂಗ್ಡಿ ಲೈಟಾ!”

“ಮೊದ್ಲು ನೋಡವ್ವ, ಆಮೇಲ್ ಬೈಯ್ಯಿವಂತೆ.”

ಅವಳ ಸುತ್ತ ಒಂದು ಗೆರೆ ಎಳೆದ. ಗೆರೆ ನೀಲಿಯಾಗಿ ಹೊತ್ತಿಕೊಂಡಿತು. ಸೊಂಟದ ಹತ್ತಿರ ಮಾತ್ರ ದಪ್ಪ ಮಾಡಿದ. ಕೈ ಅಳಿಸಿಲ್ಲ, ಅದರ ಮೇಲೆ ಬೆಳಕು ಬಿಟ್ಟಿದ್ದೇನೆ ಅಷ್ಟೇ ಅಂದ. ಹಳೆಯ ಫೋಟೋವನ್ನು ನನ್ನ ಕೈಗೇ ಕೊಟ್ಟ. “ಇದ್ನ ಜ್ವಾಪಾನವಾಗ್ ಮಡಿಕಳವ್ವ” ಅಂತಲೂ ಅಂದ.

ಮನೆಗೆ ಬಂದವಳು ಮೊದಲು ಬಚ್ಚಲಿಗೆ ಹೋದೆ. ಆಮೇಲೆ ಹೊಸದನ್ನು ನಿನಗೆ ತೋರಿಸಿದೆ.

ನೀನು ಬಹಳ ಹೊತ್ತು ನೋಡಿದೆ. “ನನ್ ಕೈ ಎಲ್ಲೋಯ್ತು ಅತ್ತೆ? ಅಳೇ ಪೋಟೋ ಎಲ್ಲದೆ?”

“ಆ ಮಿಸನ್ಗೆ ಆಕುದ್ರೆ ಅಳೇದು ವಾಪಸ್ ಬರಾಕಿಲ್ವಂತೆ. ಅದ್ರ ಬೆಳಕ್ಗೆ ಸುಟ್ಟೋಯ್ತದಂತೆ.”

ನೀನು ಕಂಪ್ಯೂಟರ್ ಕಂಡಿರಲಿಲ್ಲ. ನಂಬಿದೆ. ಅಲ್ಲಿಗೆ ನಾನು ಸುಮ್ಮನಾಗಿದ್ದರೂ — ಇಲ್ಲ, ನನಗೆ ಸಾಲಲಿಲ್ಲ.

“ಆ ಕೈ ಮಗೀನ ಸರ್ಯಾಗ್ ಇಡ್ಕಂಡಿದ್ರೆ ಈ ಪೋಟೋ ಯಾಕ್ ಬೇಕಾಯ್ತಿತ್ತು?”

ನೀನು ಅಳಲಿಲ್ಲ. ನಿನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡೆ. ಸೆರಗಿನೊಳಗೆ ಇಟ್ಟುಕೊಂಡೆ. ಆಮೇಲೆ ಹೋಗಿ ರಾಗಿ ಕೇರಲು ಕೂತೆ. ಆ ನಂತರ ಹುಟ್ಟಿದ ಇಬ್ಬರು ಮಕ್ಕಳನ್ನೂ ನೀನು ನಾಲೆಯ ಕಡೆಗೆ ಕರೆದುಕೊಂಡು ಹೋಗಲಿಲ್ಲ. ರಸ್ತೆ ದಾಟುವಾಗ ಅವರ ಕೈಯನ್ನು ಗಂಡನಿಗೆ ಕೊಡುತ್ತಿದ್ದೆ, ನೀನು ಹಿಡಿಯುತ್ತಿರಲಿಲ್ಲ. ನಾನು ನೋಡುತ್ತಿದ್ದೆ. ನೋಡಿಕೊಂಡು ಬಾಯಿ ಮುಚ್ಚಿಕೊಂಡಿದ್ದೆ.

ಹೋದ ವರ್ಷ ಒಬ್ಬಳೇ ಬಸ್ಸು ಹತ್ತಿ ಪಾಂಡವಪುರಕ್ಕೆ ಹೋದೆ. ಆಸ್ಪತ್ರೆಗೆ ಅಂತ ಸುಳ್ಳು ಹೇಳಿದ್ದೆ. ಆ ಕಂಪ್ಯೂಟರಿನಲ್ಲಿ ಹಳೆಯ ಫೋಟೋ ಉಳಿದಿರಬಹುದು ಅಂತ ಯಾರೋ ಹುಡುಗರು ಮಾತಾಡಿದ್ದು ಕೇಳಿಸಿಕೊಂಡಿದ್ದೆ. ಸ್ಟುಡಿಯೋ ಇದ್ದ ಕಡೆ ಚಪ್ಪಲಿ ಅಂಗಡಿ ಆಗಿದೆ. ಅವನು ಎಲ್ಲಿ ಹೋದನೋ ಯಾರಿಗೂ ಗೊತ್ತಿಲ್ಲ. ಮೆಟ್ಟಿಲ ಮೇಲೆ ಕೂತಿದ್ದು ಎದ್ದು ಬಂದೆ.

ಕ್ಷಮಿಸು ಅಂತ ಕೇಳುವುದಿಲ್ಲ. ಕೇಳಿದರೆ ನೀನು ಬಿಡಿ ಅತ್ತೆ ಅಂದುಬಿಡುತ್ತೀಯ, ನನಗೆ ಗೊತ್ತು. ಈ ಮಾರ್ಲಮಿಗೆ ಎಲ್ಲರೂ ಸೇರಿದಾಗ, ಎಡೆ ಇಡುವ ಮುಂಚೆ, ರಗ್ಗಿನ ವಿಷಯವನ್ನು, ಒಲೆಯ ವಿಷಯವನ್ನು ನಾನೇ ಹೇಳುತ್ತೇನೆ. ನನ್ನ ಮಗ ಏನಾದರೂ ಅನ್ನಲಿ.

ಪ್ರತಿ ವರ್ಷ ಆ ಫೋಟೋದ ಗಾಜನ್ನು ಒರೆಸುವವಳು ನೀನೇ. ಈ ಸಲ ಒರೆಸುವಾಗ, ಸೊಂಟದ ಹತ್ತಿರ ಬೆಳಕು ದಪ್ಪ ಇದೆಯಲ್ಲ, ಅಲ್ಲಿ ನಿನ್ನ ಬಲಗೈ ಇಡು. ಅವನು ಅಳಿಸಲಿಲ್ಲ ಮಂಜುಳಾ. ನಿನ್ನ ಬೆರಳು ಅದರ ಕೆಳಗೆ ಹಾಗೇ ಇವೆ, ಮಗುವನ್ನು ಹಿಡಿದುಕೊಂಡು.