ರಾಜನಿಗೊಂದು ಕುದುರೆ ನಡೆ

೧೯೮೪ರಲ್ಲಿ, ಏಳನೇ ತರಗತಿಯ ಅರ್ಧಕ್ಕೆ, ನಾನು ಶಾಲೆ ಬಿಟ್ಟೆ. ದಾವಣಗೆರೆಯ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ ಅಪ್ಪ ಸೊಂಟ ಮುರಿದುಕೊಂಡು ಮಲಗಿದರು, ನಾನು ಒಂದು ಹೋಟೆಲಿನ ಒಲೆ ಮುಂದೆ ನಿಂತೆ. ಅದನ್ನು ಹೇಳಿಕೊಳ್ಳಲು ನನಗೆ ಎಂದೂ ನಾಚಿಕೆಯಾಗಿಲ್ಲ. ಆ ಒಲೆಯಿಂದ ಹೊರಟವನು ಯಾರ ಶಿಫಾರಸೂ ಇಲ್ಲದೆ ಜಪಾನಿನ ಯೋಕೋಹಾಮಾದಲ್ಲಿ ಸ್ವಂತ ಹೋಟೆಲು ತೆರೆದೆ.

ಮೊನ್ನೆ ಜಾಮೂನಿಗೆಂದು ಹಾಲಿನ ಪುಡಿಯ ಹೊಸ ಡಬ್ಬಿ ಒಡೆದೆ. ಮುಚ್ಚಳದ ಕೆಳಗಿನ ತೆಳು ತಗಡು ಸೀಳಿದ ಕೂಡಲೇ ಆ ಸಿಹಿ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಕೈ ಅಲ್ಲೇ ನಿಂತಿತು. ಲಾಂಡ್ರಿ ಅಜ್ಜ ನೆನಪಾದರು...

ಇಪ್ಪತ್ತು ವರ್ಷದ ಹಿಂದೆ, ನನ್ನ ಮೊದಲ ಹೋಟೆಲಿನ ಗೋಡೆಗೆ ಅಂಟಿಕೊಂಡೇ ಅವರ ಲಾಂಡ್ರಿ ಇತ್ತು. ಎಪ್ಪತ್ತೇಳು ವರ್ಷದ ಮನುಷ್ಯ, ಇಸ್ತ್ರಿಪೆಟ್ಟಿಗೆ ಹಿಡಿದರೆ ಕೈ ಒಂದಿಷ್ಟೂ ಅಲುಗುತ್ತಿರಲಿಲ್ಲ. ಮದುವೆಯಾಗಿರಲಿಲ್ಲ. ತಂಗಿ ಒಬ್ಬರು ಜೊತೆಗಿದ್ದು ಗಲ್ಲಾ ನೋಡಿಕೊಳ್ಳುತ್ತಿದ್ದರು. ನನ್ನ ಏಪ್ರನ್ನುಗಳಲ್ಲಿನ ಅರಿಸಿನದ ಕಲೆ ತೆಗೆಯುವುದೇ ಅಜ್ಜನಿಗೆ ಒಂದು ಹಟ. ಕಲೆ ಹೋಗದಿದ್ದ ದಿನ ಅಪರಾಧಿಯಂತೆ ಬಗ್ಗಿ ನಿಲ್ಲುತ್ತಿದ್ದರು.

ಮಧ್ಯಾಹ್ನ ಮೂರರಿಂದ ಐದರವರೆಗೆ ಹೋಟೆಲು ಮುಚ್ಚಿರುತ್ತಿತ್ತು. ಆ ಹೊತ್ತಿನಲ್ಲಿ ನಾನೊಬ್ಬನೇ ಚೆಸ್ ಮಣೆ ಹರಡಿಕೊಂಡು ಕೂರುವುದನ್ನು ಕಂಡ ಅಜ್ಜ ಒಂದು ದಿನ ಕೇಳದೆಯೇ ಎದುರಿಗೆ ಬಂದು ಕೂತರು. ಅಂದಿನಿಂದ ದಿನಾ ಒಂದು ಆಟ, ಒಂದು ಲೋಟ ಚಹಾ. ನಾನು ಆಟ ಕಲಿತದ್ದು ಮಂಡಿಯ ಹಮಾಲರಿಂದ. ಅವರು ಗೋದಾಮಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಆಡುತ್ತಿದ್ದರು. ಅಜ್ಜನೊಂದಿಗೆ ಮಾತ್ರ ಪುಸ್ತಕದ ಕಾಯಿದೆಯಂತೆಯೇ ಆಡುತ್ತಿದ್ದೆ. ನೂರು ಆಟ ಆಡಿದ್ದರೆ ನಾನು ಗೆದ್ದದ್ದು ಹತ್ತು.

"ಮಾಸ್ಟರ್, ನಿಮ್ಮ ಕುದುರೆಗೂ ಖಾರ ಜಾಸ್ತಿ. ಸುಮ್ಮನೆ ಕುಣಿಯುತ್ತೆ," ಎಂದು ಛೇಡಿಸುತ್ತಿದ್ದರು. ಇಲ್ಲಿ ಹೋಟೆಲಿನ ಯಜಮಾನನನ್ನು ಮಾಸ್ಟರ್ ಎನ್ನುತ್ತಾರೆ, ಅಜ್ಜನನ್ನು ಓಜೀಸಾನ್.

ಒಳಗಿನಿಂದ ನನ್ನ ಹೆಂಡತಿ ಕೂಗುವಳು: "ಏನ್ರೀ, ಬೇಳೆ ಹೊತ್ತಿ ಹೋಗ್ತಿದೆ, ನೀವು ಅಲ್ಲಿ ರಾಜನ್ನ ಕಾಯ್ತಾ ಕೂತಿದೀರಾ?"

ಒಂದು ಮಧ್ಯಾಹ್ನ ನನ್ನ ರಾಜ ಮೂಲೆಗೆ ಸಿಕ್ಕಿಬಿದ್ದ. ಏನು ಯೋಚಿಸುತ್ತಿದ್ದೆನೋ, ಕೈ ತಾನಾಗಿಯೇ ರಾಜನನ್ನೆತ್ತಿ ಕುದುರೆಯ ಹಾಗೆ ಎರಡೂವರೆ ಮನೆ ಹಾರಿಸಿ ಇಟ್ಟುಬಿಟ್ಟಿತು. ಹಮಾಲರ ಆಟದ ರೂಢಿ.

"ಅಯ್ಯೋ, ಸುಮಿಮಾಸೆನ್! ಕೈ ನಮ್ಮೂರ ಆಟ ಆಡಿಬಿಡ್ತು," ಎಂದು ಕ್ಷಮೆ ಕೇಳುತ್ತ ನಕ್ಕೆ.

ಅಜ್ಜ ನಗಲಿಲ್ಲ. "ನಿಮ್ಮೂರ ಆಟ ಅಂದರೆ?"

ಹೇಳಲು ನನಗೂ ಒಂದು ವಿದ್ಯೆ ಸಿಕ್ಕಿತಲ್ಲ ಎಂದು ನಾನು ಎದೆಯುಬ್ಬಿಸಿದೆ. "ನಮ್ಮ ಕಡೆ ಆಟದಲ್ಲಿ ಒಂದೇ ಒಂದು ಸಲ ರಾಜನಿಗೆ ಕುದುರೆ ನಡೆ ಉಂಟು, ಓಜೀಸಾನ್."

"ಅದು ಮೋಸ ಅಲ್ಲವಾ?"

"ಮೋಸ ಯಾಕಾಗುತ್ತೆ? ನಮ್ಮಜ್ಜ, ಅವರಜ್ಜ, ಎಲ್ಲರೂ ಹಾಗೇ ಆಡಿದ್ದು. ಎಷ್ಟೋ ಊರಲ್ಲಿ ಇದೇ ಕಾಯಿದೆ."

ಅಜ್ಜ ಚಹಾ ಅರ್ಧ ಬಿಟ್ಟು ಎದ್ದು ಹೋದರು. ನಾಲ್ಕು ದಿನ ಬರಲಿಲ್ಲ.

ಐದನೇ ದಿನ ಬಂದು ಹೇಳಿದರು. ಜಪಾನು ಯುದ್ಧ ಸೋತ ಮರುವರ್ಷ ಅವರಿಗೆ ಹತ್ತೊಂಬತ್ತು. ಬಂದರಿನ ಹತ್ತಿರ ಬೀಡುಬಿಟ್ಟಿದ್ದ, ಗೆದ್ದ ಕಡೆಯ ಸೈನಿಕರ ಬಟ್ಟೆ ಒಗೆದು ಒಯ್ದು ಕೊಡುವ ಕೆಲಸ. ಅಲ್ಲಿ ನಿಂತು ನೋಡಿ ನೋಡಿಯೇ ಚೆಸ್ ಕಲಿತರು. ಆ ಚಳಿಗಾಲ ಸೈನಿಕರ ಊಟದ ಕೋಣೆಯಲ್ಲಿ ಐದಾರು ದೇಶದವರು ಸೇರಿ ಒಂದು ಪಂದ್ಯಾವಳಿ ಇಟ್ಟರು. ಒಬ್ಬ ಜಪಾನಿಯೂ ಇರಲಿ, ತಮಾಷೆಯಾಗಿರುತ್ತದೆ ಎಂದು ಇವರನ್ನೂ ಸೇರಿಸಿಕೊಂಡರು. ಗೆದ್ದವನಿಗೆ ಒಂದು ಪೆಟ್ಟಿಗೆ ಹಾಲಿನ ಪುಡಿ. ಮನೆಯಲ್ಲಿ ಒಂದೂವರೆ ವರ್ಷದ ತಂಗಿ ಗಂಜಿ ತಿಳಿಯೂ ದಕ್ಕದೆ ಅಳುವುದನ್ನೇ ನಿಲ್ಲಿಸಿದ್ದಳು.

ತಮಾಷೆಗೆ ಸೇರಿಸಿಕೊಂಡ ಹುಡುಗ ಕೊನೆಯ ಆಟಕ್ಕೆ ಬಂದ. ಎದುರಾಳಿ ಒಬ್ಬ ಇಂಡಿಯಾದ ಸಿಪಾಯಿ. ಮೃದು ಮನುಷ್ಯ, ಆಟದ ನಡುವೆ ತನ್ನ ಬಿಸ್ಕತ್ತು ಮುರಿದು ಅರ್ಧ ಇವರಿಗೆ ಕೊಟ್ಟನಂತೆ. ಆಟ ಬಿಗಿಯಾದಾಗ ಆ ಸಿಪಾಯಿ ರಾಜನನ್ನೆತ್ತಿ ಕುದುರೆಯಂತೆ ಹಾರಿಸಿದ. ಯಾರೂ ಗಮನಿಸಿರಲಿಲ್ಲ. ಇವರೇ ಕೈಯೆತ್ತಿ ಅಧಿಕಾರಿಯನ್ನು ಕರೆದರು.

"ಅವರು ತಮ್ಮ ಭಾಷೆಯಲ್ಲಿ ಏನೇನೋ ಹೇಳಿದರು, ಕೈಯಲ್ಲಿ ತೋರಿಸಿದರು. ಅಲ್ಲಿದ್ದವರೆಲ್ಲ ಶಿಳ್ಳೆ ಹಾಕಿದರು. ಮೋಸಗಾರ ಅಂದರು. ಆಟ ನನ್ನದಾಯ್ತು," ಎಂದರು ಅಜ್ಜ. "ನಾನೂ ಅವರು ಮೋಸಗಾರರೇ ಅಂದುಕೊಂಡೆ, ಮಾಸ್ಟರ್. ಹಾಗಂದುಕೊಂಡೇ ಇಷ್ಟು ವರ್ಷ ನಿದ್ದೆ ಮಾಡಿದೆ..."

ನನಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಆದರೆ ಆಡಿದ ಮಾತನ್ನು ವಾಪಸು ನುಂಗುವುದು ಹೇಗೆ?

"ಆದರೂ ನಿಮ್ಮ ತಂಗಿ ಉಳಿದರಲ್ಲ," ಎಂದೆ.

"ಉಳಿದಳು. ಅವಳಿಗೆ ಇದನ್ನು ಯಾವತ್ತೂ ಹೇಳಬೇಡಿ. ಕದ್ದ ಹಾಲು ಅಂತ ಅವಳಿಗೆ ಅನ್ನಿಸಬಾರದು."

ಅಜ್ಜ ಜೇಬಿನಿಂದ ಒಂದು ಲಾಂಡ್ರಿ ಚೀಟಿ ತೆಗೆದರು. ಅದರ ಹಿಂದೆ, ಸಿಪಾಯಿಯ ರಾಜ ಹಾರಿ ಕೂತ ಮೇಲೆ ಮಣೆ ಹೇಗಿತ್ತೋ ಹಾಗೇ, ಒಂದೊಂದು ಕಾಯಿಯನ್ನೂ ಬರೆದಿದ್ದರು. ಐವತ್ತೆಂಟು ವರ್ಷವಾದರೂ ಒಂದೂ ಮರೆತಿರಲಿಲ್ಲ.

"ಅವರ ನಡೆ ನ್ಯಾಯವಾದದ್ದೇ ಆದರೆ, ಇಲ್ಲಿಂದ ಮುಂದೆ ಯಾರು ಗೆಲ್ಲುತ್ತಿದ್ದರು? ನಾನೇ ಎರಡೂ ಕಡೆ ಆಡಿದರೆ ನನ್ನ ಕೈ ನನ್ನ ಕಡೆಗೇ ವಾಲುತ್ತೆ. ಅವರ ಕಡೆ ನೀವು ಆಡಿ. ನಾನು ಗೆದ್ದರೆ ಹಾಲು ನನ್ನದು. ಸೋತರೆ... ಸೋತೆ ಅಂತ ಗೊತ್ತಾಗಲಿ."

ಕಾಯಿ ಜೋಡಿಸಿದೆವು. ಅಜ್ಜನ ಕಪ್ಪು, ಸಿಪಾಯಿಯ ಬಿಳಿ ನನಗೆ. ಆರೇಳು ನಡೆ ಆಗುವಷ್ಟರಲ್ಲಿ ನನಗೆ ದಾರಿ ಕಂಡಿತು: ನನ್ನ ಮಂತ್ರಿಯನ್ನು ನೇರ ಅಜ್ಜನ ಮೂಲೆಗೆ ನುಗ್ಗಿಸಿದರೆ ಅವರ ರಾಜ ಸತ್ತ. ತಲೆಯೆತ್ತಿ ನೋಡಿದೆ. ಇಸ್ತ್ರಿ ಹಿಡಿದರೆ ಅಲುಗದ ಆ ಕೈ ಮೇಜಿನಂಚಿನಲ್ಲಿ ನಡುಗುತ್ತಿತ್ತು.

ನಾನು ಮಂತ್ರಿಯನ್ನು ಬೇರೆ ಮನೆಗೆ ಸರಿಸಿದೆ, ಅವರ ಆನೆಯ ಬಾಯಿಗೆ.

ಅಜ್ಜ ಅದನ್ನು ಹೊಡೆಯಲಿಲ್ಲ. ಮಣೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಮಾಸ್ಟರ್, ಇದು ಎರಡನೇ ಸಲ," ಎಂದರು. "ನನಗೆ ಮತ್ತೆ ಆಡದೆ ಸಿಕ್ಕ ಗೆಲುವು." ಎದ್ದು, ನನ್ನಂಥವನಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿ, ಹೊರಟುಹೋದರು.

ಅವರು ಏನೆಂದು ತಿಳಿದರು ಎನ್ನುವುದು ನನಗೆ ಗೊತ್ತಾಗಿತ್ತು. ನಾನು ಕರುಣೆ ತೋರಿಸಿದೆ ಎಂದರೆ ಸಿಪಾಯಿಯೇ ಗೆಲ್ಲುತ್ತಿದ್ದ ಎಂದರ್ಥ. ನನಗೂ ಹಾಗೇ ಅನ್ನಿಸಿದ್ದರಿಂದ ಹೋಗಿ ಸಮಾಧಾನ ಹೇಳುವ ಮುಖವಿರಲಿಲ್ಲ. ಏಪ್ರನ್ನುಗಳು ಎಂದಿನಂತೆ ಮಡಿಕೆ ಮುರಿಯದೆ ಬರುತ್ತಿದ್ದವು. ಅಜ್ಜ ಮಾತ್ರ ಮಣೆಯ ಮುಂದೆ ಕೂರಲಿಲ್ಲ. ಫೆಬ್ರವರಿಯಲ್ಲಿ ನ್ಯುಮೋನಿಯಾ ಆಗಿ ಹೋಗಿಬಿಟ್ಟರು. ತಂಗಿ ಬಂದು, "ಅಣ್ಣ ನಿಮ್ಮ ಚಹಾ ನೆನೆಸಿಕೊಳ್ಳುತ್ತಿದ್ದ. ಯಾಕೆ ಬರೋದು ಬಿಟ್ಟ?" ಎಂದು ಕೇಳಿದರು. ಕೆಂಪು ಕೆನ್ನೆಯ, ಗಟ್ಟಿಮುಟ್ಟಾದ ಹೆಂಗಸು. ನಾನು ಅಡುಗೆಮನೆ ಕಡೆ ನೋಡುತ್ತ ಕೆಲಸ ಜಾಸ್ತಿಯಿತ್ತು ಎಂದೆ. ಆಮೇಲೆ ಅವರು ಲಾಂಡ್ರಿ ಮಾರಿ ಉತ್ತರದ ಕಡೆ ಎಲ್ಲಿಗೋ ಹೋದರು.

ಆ ಚೀಟಿ ನನ್ನಲ್ಲೇ ಉಳಿದಿತ್ತು. ಇಪ್ಪತ್ತು ವರ್ಷ ಅದನ್ನು ಬಿಚ್ಚುವ ಧೈರ್ಯ ಬಂದಿರಲಿಲ್ಲ. ಮೊನ್ನೆ ಡಬ್ಬಿ ಒಡೆದ ಮೇಲೆ ತಡೆಯಲಾಗಲಿಲ್ಲ. ಕಾಯಿ ಜೋಡಿಸಿ, ಮರೆಯಲಾಗದ ಆ ಆರೇಳು ನಡೆಗಳನ್ನು ಮತ್ತೆ ಆಡಿ, ಅಂದು ಆಡದೆ ಬಿಟ್ಟ ನಡೆಯನ್ನು ಆಡಿದೆ. ಮಂತ್ರಿಯನ್ನು ನುಗ್ಗಿಸಿದೆ. ಅಜ್ಜನ ರಾಜ ಒಂದು ಮನೆ ಪಕ್ಕಕ್ಕೆ ಸರಿದ. ಆಗ ಕಂಡಿತು. ನನ್ನ ಮಂತ್ರಿ ಅಲ್ಲಿಗೆ ಹೋದದ್ದರಿಂದಲೇ ನನ್ನ ರಾಜನ ಸಾಲು ಖಾಲಿ. ಅವರ ಆನೆ ಕೆಳಗಿಳಿದರೆ ಚೆಕ್, ಮತ್ತೆ ಚೆಕ್, ಮುಗಿಯಿತು.

ನಂಬಿಕೆಯಾಗದೆ ಮಗಳನ್ನು ಕರೆದೆ. ಅವಳು ಫೋನಿನಲ್ಲಿ ಚೀಟಿಯಲ್ಲಿದ್ದಂತೆಯೇ ಕಾಯಿ ಇಟ್ಟು, "ಚೋತ್ತೊ ಮಾತ್ತೆ ಅಪ್ಪ, ಸ್ವಲ್ಪ ಇರು," ಎಂದಳು. ಆಮೇಲೆ, "ಬ್ಲ್ಯಾಕ್ ವಿನ್ಸ್. ವೈಟ್ ಏನ್ ಆಡಿದ್ರೂ ಅಷ್ಟೇ. ಯಾರ ಗೇಮ್ ಇದು?"

ಅಜ್ಜನದು ಎಂದೆ.

ಹಾಲು ಅವರದೇ ಆಗಿತ್ತು. ನಾನು ನೆಟ್ಟಗೆ ಆಡಿದ್ದರೆ ಆ ಮಧ್ಯಾಹ್ನವೇ, ನನ್ನ ಮೇಜಿನ ಮೇಲೇ, ಅವರಿಗೆ ಅದು ಗೊತ್ತಾಗುತ್ತಿತ್ತು. ಗೆಲ್ಲುತ್ತೇನೆಂಬ ಜಂಬದಲ್ಲಿ ಕರುಣೆ ತೋರಿಸಲು ಹೋದೆ...

ಈಗ ನನಗೆ ಎರಡು ಹೋಟೆಲು, ಒಂಬತ್ತು ಜನ ಕೆಲಸದವರು, ಹೆಂಡತಿ, ಒಬ್ಬಳು ಮಗಳು. ಅಜ್ಜನಿಗೆ ಹೇಳಲಾಗದೆ ಉಳಿದ ಮಾತು ಒಂದು.