ಗೋಡೆಯ ಕಿಂಡಿಯ ಗುರುಬಾಯಿ ಕಾಕಿ

ಗುರುಬಾಯಿ ಕಾಕಿಯ ಮುಖಕ್ಕಿಂತ ಆಕೆಯ ಬಲಗೈಯೇ ನನಗೆ ಹೆಚ್ಚು ಪರಿಚಯ. ಆಳಂದದಲ್ಲಿ ಆಕೆಯ ಅಡುಗೆಮನೆಗೂ ನಮ್ಮ ಅಡುಗೆಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಒಂದು ಬಟ್ಟಲು ಪಲ್ಯ ಕೊಡಲು ಓಣಿಯೆಲ್ಲ ಸುತ್ತಿ ಬರಬೇಕಲ್ಲ ಎಂದು ಬೇಸತ್ತು, ಆಕೆ ಒಂದು ದಿನ ಆ ಗೋಡೆಯ ಎರಡು ಇಟ್ಟಿಗೆ ಕಿತ್ತೇಬಿಟ್ಟಳು. ಯಾರನ್ನೂ ಕೇಳಲಿಲ್ಲ. ನಾವು ಗಾಬರಿಯಿಂದ ನೋಡುತ್ತಿದ್ದಂತೆ, ಧೂಳಿನೊಳಗಿಂದ ಗಾಜಿನ ಬಳೆಯ ಕೈಯೊಂದು ಪುಂಡಿಪಲ್ಯದ ಬಟ್ಟಲು ಹಿಡಿದು ಈಚೆ ಬಂತು.

"ಇನ್ನ ಸುತ್ತಿ ಬರೂದು ಬಂದ್," ಎಂದಿತು ಗೋಡೆ.

ಕಾಕಿ ಸೋಮಾರಿಯಲ್ಲ, ಸುಮ್ಮನೆ ಮೈ ದಣಿಸುವುದು ಕಂಡರೆ ಆಕೆಗೆ ಮೈಯುರಿ. ಕಸಬರಿಗೆಗೆ ಉದ್ದನೆಯ ಕೋಲು ಕಟ್ಟಿ ಬೆನ್ನು ಬಗ್ಗಿಸುವುದನ್ನೇ ಬಿಟ್ಟಿದ್ದಳು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ಉಳಿದ ದಾರವನ್ನು ನನ್ನ ಕನ್ನಡಕಕ್ಕೂ ಕಟ್ಟಿ, "ಹುಡುಕೂದೂ ಒಂದು ನೌಕರಿ ಏನಪಾ?" ಎಂದು ಕೇಳಿದ್ದಳು.

ಆಕೆಯ ಜಾಣತನಕ್ಕೆ ನಿಜವಾದ ಪರೀಕ್ಷೆ ಬಂದದ್ದು ನಮ್ಮ ಅವ್ವನಿಂದ. ಅವ್ವನ ಮೊಣಕಾಲು ಕೆಟ್ಟು, ನೆಲಕ್ಕೆ ಕೂರಲೇಬಾರದೆಂದು ಡಾಕ್ಟರು ಹೇಳಿದರು. ನೆಲಕ್ಕೆ ಕೂತಲ್ಲದೆ ಜೋಳದ ರೊಟ್ಟಿ ಬಡಿದು ಅವ್ವನಿಗೆ ಗೊತ್ತಿಲ್ಲ. ನಾನು ಅಂಗಡಿಯಿಂದ ತಂದ ರೊಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ತಟ್ಟೆಗೆ ಬಿಟ್ಟಳು.

"ನನ್ನ ಕೈ ರೊಟ್ಟಿ ಮುಗೀತು. ಇನ್ನ ನಾ ಯಾತಕ್ಕ ಇರ್ಲಿ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅದು ಕಿಂಡಿಯಾಚೆ ಕೇಳಿಸಿತು. ಅಂದು ಮಾತ್ರ ಕಾಕಿ ಓಣಿ ಸುತ್ತಿಯೇ ಬಂದಳು. ಬಂದವಳೇ ರೊಟ್ಟಿ ಬಡಿಯುವ ಹಲಗೆಯನ್ನು ಎತ್ತಿ ಗ್ಯಾಸ್ ಕಟ್ಟೆಯ ಮೇಲಿಟ್ಟಳು.

"ನಿಂತು ಯಾರರ ರೊಟ್ಟಿ ಬಡೀತಾರೇನ್ ಬೇ? ನೋಡಿದವರು ನಗ್ತಾರ!" ಅವ್ವ ಸಿಡುಕಿದಳು.

"ಜ್ವಾಳ ಹೊಲದಾಗ ನಿಂತೇ ಬೆಳೀತದ. ರೊಟ್ಟಿ ಆಗೂ ಮುಂದಷ್ಟೇ ಕೂಡಬೇಕಂತ ಹಟ ಮಾಡ್ತದೇನು? ಬಡಿ ಸುಮ್ನ."

ಅವ್ವ ಬಡಿದಳು. ಹಲಗೆ ಜಾರಿ, ರೊಟ್ಟಿ ನೇರವಾಗಿ ಕಾಕಿಯ ಪಾದದ ಮೇಲೆ ಬಿತ್ತು. ಕಾಕಿ ಹಲಗೆಯ ಕೆಳಗೆ ಒದ್ದೆ ಗೋಣಿಚೀಲ ಹಾಸಿದಳು; ಗಿಡ್ಡಗಿದ್ದ ಅವ್ವನ ಕಾಲಡಿಗೆ ಮಣೆ ಸರಿಸಿದಳು. ಮುಂದಿನ ರೊಟ್ಟಿ ಸೊಟ್ಟಗಾದರೂ ಹಂಚಿನ ಮೇಲೆ ಚೆನ್ನಾಗಿ ಉಬ್ಬಿತು.

"ದುಂಡಗಿಲ್ಲಲ್ಲ," ಅವ್ವ ರಾಗ ಎಳೆದಳು.

"ಹೊಟ್ಟ್ಯಾಗ ಹೋದ ಮ್ಯಾಲ ಯಾರು ನೋಡಾಕತ್ತಾರ?" ಎಂದು ಕಾಕಿ ಅದನ್ನು ಮುರಿದು ಬಾಯಿಗಿಟ್ಟುಕೊಂಡಳು. ಅವ್ವ ಬಹಳ ದಿನಗಳ ಮೇಲೆ ನಕ್ಕಳು. ಅಂದಿನಿಂದ ಇಂದಿನವರೆಗೆ ನಮ್ಮ ಮನೆಯಲ್ಲಿ ರೊಟ್ಟಿ ನಿಂತೇ ಆಗುತ್ತದೆ.

ಹೋದ ವರ್ಷ ಕಾಕಿ ತೀರಿಕೊಂಡಳು. ಆ ಬಳೆಗೈ ಬಾರದ ಕಿಂಡಿಯನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಮೊನ್ನೆ ಆಕೆಯ ಮಗ ಮಲ್ಲಪ್ಪ ಅಫಜಲಪುರ ಬಿಟ್ಟು ತಾಯಿಯ ಮನೆಯಲ್ಲಿ ಇರಲು ಬಂದ. ಗೋಡೆಗೆ ಸುಣ್ಣ ಬಳಿಸುತ್ತ ಕಿಂಡಿಗೆ ಬಾಯಿಟ್ಟು ನಮ್ಮ ಅವ್ವನನ್ನು ಕೇಳಿದ: "ಕಾಕಿ, ಇದನ್ನ ಮುಚ್ಚಿಬಿಡ್ಲೇನ್ರಿ?"

ಮಣೆಯ ಮೇಲೆ ನಿಂತಿದ್ದ ಅವ್ವ ಇಳಿದು, ಬಿಸಿ ರೊಟ್ಟಿಯೊಂದನ್ನು ಮಡಚಿ ಕಿಂಡಿಯೊಳಗಿಂದ ಆಚೆ ನೀಡಿದಳು. ಆಮೇಲೆ ಸುಣ್ಣ ಮೆತ್ತಿದ ಕೈಯೊಂದು ಖಾಲಿ ಬಟ್ಟಲು ಹಿಡಿದು ಈಚೆ ಬಂತು.

"ಪಲ್ಯ ಇದ್ರ ಅದನ್ನೂ ಕೊಡ್ರಿ."